ಅಂಗಡಿಯ ಹಳೆಯ ತಂತ್ರಾಂಶ ಬದಲಿಸುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದು ಟ್ರ್ಯಾಕ್ಟರ್ ಮತ್ತು ಇತರ ವಾಹನಗಳ ಬಿಡಿಭಾಗಗಳ ಸಗಟು ವ್ಯಾಪಾರ. ತಂದೆಯವರ ಕಾಲದಲ್ಲಿ, 1997ರಲ್ಲಿ, ಪರಿಚಯದವರೊಬ್ಬರು ಫಾಕ್ಸ್‌ಪ್ರೊ ಎಂಬ ದತ್ತಸಂಚಯ ತಂತ್ರಾಂಶದಲ್ಲಿ ಬರೆದುಕೊಟ್ಟ ಡಾಸ್ (ವಿಂಡೋಸ್‌ಗೆ ಮೊದಲಿನ ಕಾರ್ಯಾಚರಣೆ ವ್ಯವಸ್ಥೆ) ಪ್ರೋಗ್ರಾಮಿನಲ್ಲಿಯೇ ಇಂದಿಗೂ ಬಿಲ್ ಹಾಕುತ್ತಿದ್ದೇವೆ. 2005ರಲ್ಲಿ ವ್ಯಾಟ್, 2017ರಲ್ಲಿ ಜಿಎಸ್‌ಟಿ ಬಂದಾಗ ಅವರೇ ತಿದ್ದಿಕೊಟ್ಟರು. ಈಗ ಅವರು ಆ ಕೆಲಸ ಬಿಟ್ಟಿದ್ದಾರೆ. ಮೂಲ ಕೋಡ್ ನಮ್ಮ ಬಳಿ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯುವುದೇ ಇಲ್ಲವಾದ್ದರಿಂದ ವಿಂಡೋಸ್ 7 ಇರುವ ಹಳೆಯ ಯಂತ್ರವೊಂದನ್ನೇ ನೆಚ್ಚಿಕೊಂಡಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ದರ ಬದಲಾದ ಮೇಲೆ ಹಳೆಯ ಬಿಲ್ಲನ್ನು ಮರುಮುದ್ರಿಸಿದರೆ ಅದರಲ್ಲಿ ಹೊಸ ದರ ಬರುತ್ತಿದೆ. ಎಲ್ಲವನ್ನೂ ಬ್ರೌಸರಿನಲ್ಲಿ ತೆರೆಯುವ ವೆಬ್ ಅಪ್ಲಿಕೇಶನ್ ಮಾಡಿಸೋಣ ಎಂದು ಮಗ ಹೇಳುತ್ತಾನೆ. ಟ್ಯಾಲಿ ಎಂಬ ಸಿದ್ಧ ಲೆಕ್ಕಪತ್ರ ತಂತ್ರಾಂಶ ತೆಗೆದುಕೊಂಡರೆ ಸಾಕು ಎಂದು ನಮ್ಮ ಲೆಕ್ಕಪರಿಶೋಧಕರು ಹೇಳುತ್ತಾರೆ. ಗಿರಾಕಿಗಳ ಉದ್ರಿ ಲೆಕ್ಕವೆಲ್ಲ ಆ ಹಳೆಯ ಯಂತ್ರದಲ್ಲಿದೆ. ಯಾವ ದಾರಿ ಹಿಡಿಯಬೇಕು?
– ಸಗಟು ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ದಾರಿ ಯಾವುದೇ ಆಗಲಿ, ಅದಕ್ಕೂ ಮೊದಲಿನ ಒಂದು ಕೆಲಸ ಈ ವಾರವೇ ಆಗಬೇಕು. ಸಂಜೆ ವ್ಯವಹಾರ ಮುಗಿದು ಪ್ರೋಗ್ರಾಂ ಮುಚ್ಚಿದ ಮೇಲೆ ಅದು ಇರುವ ಫೋಲ್ಡರನ್ನು ಇಡಿಯಾಗಿ ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲು ಮಾಡಿಸಿ, ಅವುಗಳಲ್ಲಿ ಒಂದನ್ನು ಅಂಗಡಿಯಲ್ಲಿಡದೆ ಮನೆಯಲ್ಲಿಡಿ. ಫಾಕ್ಸ್‌ಪ್ರೊ ಮಾಹಿತಿ ಇಡುವ, ಹೆಸರು ಡಿಬಿಎಫ್ ಎಂದು ಕೊನೆಗೊಳ್ಳುವ ಕಡತಗಳನ್ನು ಮಾತ್ರ ಆರಿಸಿ ನಕಲು ಮಾಡುವುದು ಬೇಡ, ಏಕೆಂದರೆ ಉದ್ದನೆಯ ಟಿಪ್ಪಣಿಗಳು ಎಫ್‌ಪಿಟಿ ಎಂಬ ಜೊತೆಕಡತಗಳಲ್ಲಿ ಇರುತ್ತವೆ ಮತ್ತು ಅವು ತಪ್ಪಿಹೋದರೆ ಮುಖ್ಯ ಕಡತವೂ ಸರಿಯಾಗಿ ತೆರೆಯದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ಹೀಗಾಗಿ ಆ ಯಂತ್ರದ ಅಂತರ್ಜಾಲ ಸಂಪರ್ಕವನ್ನೂ ತೆಗೆದುಬಿಡುವುದು ಒಳ್ಳೆಯದು. ಹೊಸ ಕಂಪ್ಯೂಟರಿನಲ್ಲಿ ನಿಮ್ಮ ಪ್ರೋಗ್ರಾಂ ತೆರೆಯದಿರಲು ಕಾರಣ ಸರಳವಾಗಿದೆ: ಡಾಸ್ ಪ್ರೋಗ್ರಾಮುಗಳನ್ನು ನಡೆಸುವ ಭಾಗವೇ 64 ಬಿಟ್ ವಿಂಡೋಸ್‌ನಲ್ಲಿ ಇಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ. ಹಳೆಯ ಯಂತ್ರ ಕೆಟ್ಟರೆ ಡಾಸ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶದೊಳಗೆ ಅದನ್ನು ನಡೆಸಲು ಸಾಧ್ಯವಾಗಬಹುದು. ಅದು ಕೆಲವು ತಿಂಗಳು ದೂಡುವ ಉಪಾಯವೇ ಹೊರತು ಪರಿಹಾರವಲ್ಲ.

ಮೂಲ ಕೋಡ್ ಇಲ್ಲವೆಂದು ನೀವು ಅಂಜುವ ಅಗತ್ಯವಿಲ್ಲ. ಡಿಬಿಎಫ್ ಬಹಿರಂಗವಾಗಿ ತಿಳಿದಿರುವ ಕಡತ ವಿನ್ಯಾಸವಾದ್ದರಿಂದ ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ ಕೂಡ ಅದನ್ನು ತೆರೆಯುತ್ತದೆ. ಗಿರಾಕಿಗಳ ಹೆಸರು, ಸರಕಿನ ಪಟ್ಟಿ, ಬಾಕಿ ಇವೆಲ್ಲ ಅಲ್ಲಿಂದ ಸಿಗುತ್ತವೆ. ಕೋಡಿನೊಂದಿಗೆ ಕಳೆದುಹೋಗಿರುವುದು ನಿಮ್ಮ ಅಂಗಡಿಯ ನಿಯಮಗಳು. ಯಾವ ಮೆಕ್ಯಾನಿಕ್‌ಗೆ ಎಷ್ಟು ರಿಯಾಯಿತಿ, ಮೆಕ್ಕೆಜೋಳ ಮಾರಾಟವಾದ ಮೇಲೆ ಹಣ ಕೊಡುವ ರೈತನ ಉದ್ರಿಗೆ ಯಾವ ದಿನದಿಂದ ಬಡ್ಡಿ, ಪೈಸೆಯನ್ನು ಯಾವ ಹಂತದಲ್ಲಿ ರೂಪಾಯಿಗೆ ಸರಿಹೊಂದಿಸಬೇಕು ಎಂಬ ಇಂತಹ ನಿರ್ಧಾರಗಳನ್ನು ತಂದೆಯವರು ಬಾಯಿಮಾತಿನಲ್ಲಿ ಹೇಳಿರುತ್ತಾರೆ, ಪ್ರೋಗ್ರಾಂ ಬರೆದವರು ಹಾಗೆಯೇ ಅಳವಡಿಸಿರುತ್ತಾರೆ, ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ. ಹೊಸ ತಂತ್ರಾಂಶದ ಯೋಜನೆಗಳು ಕೆಡುವುದು ಬಹುತೇಕ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ವೆಬ್ ತಂತ್ರಜ್ಞಾನದ ಆಯ್ಕೆಯಿಂದ ಕೆಟ್ಟವು ಕಡಿಮೆ. ಆದ್ದರಿಂದ ತಂತ್ರಾಂಶ ಬರೆಯುವವರನ್ನು ಮೊದಲು ಎರಡು ಮೂರು ದಿನ ಕೌಂಟರಿನ ಪಕ್ಕದಲ್ಲಿ ಕೂರಿಸಿ, ನಿಮ್ಮ ಹಳೆಯ ಗುಮಾಸ್ತರು ಬಿಲ್ ಹಾಕುವುದನ್ನು ನೋಡಲು ಬಿಡಿ, ಮತ್ತು ಒಂದು ವರ್ಷದ ಬಿಲ್ಲುಗಳಿಂದ ವಿಚಿತ್ರವೆನಿಸುವಂಥವನ್ನು, ಅಂದರೆ ಸರಕು ಹಿಂತಿರುಗಿದ್ದು, ಅರ್ಧ ನಗದು ಅರ್ಧ ಉದ್ರಿಯದ್ದು, ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಬೆಲೆ ತಗ್ಗಿಸಿದ್ದು, ಇಂತಹವನ್ನು ಆರಿಸಿ ಅವರ ಕೈಗೆ ಕೊಡಿ. ಹೊಸ ತಂತ್ರಾಂಶ ಅದೇ ಬಿಲ್ಲುಗಳನ್ನು ಪೈಸೆ ವ್ಯತ್ಯಾಸವಿಲ್ಲದೆ ಮರಳಿ ಹಾಕಿ ತೋರಿಸುವವರೆಗೆ ಕೊನೆಯ ಕಂತಿನ ಹಣ ಕೊಡಬಾರದು.

ಇನ್ನು ನಿಮ್ಮ ಮಗ ಮತ್ತು ಲೆಕ್ಕಪರಿಶೋಧಕರ ನಡುವಿನ ವಾದ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಕಿರ್ದಿ, ಖಾತೆ, ಜಿಎಸ್‌ಟಿ ರಿಟರ್ನ್, ಆಸ್ತಿ-ಹೊಣೆ ಪಟ್ಟಿ ಇವು ಎಲ್ಲ ಅಂಗಡಿಗಳಿಗೂ ಒಂದೇ ಬಗೆಯವು. ಕಾನೂನು ಬದಲಾದಾಗಲೆಲ್ಲ ಇವುಗಳನ್ನು ತಿದ್ದುವ ಹೊರೆಯನ್ನು ಸಣ್ಣ ಅಂಗಡಿಯೊಂದು ಸ್ವಂತಕ್ಕೆ ಬರೆಸಿಕೊಂಡ ತಂತ್ರಾಂಶದ ಮೇಲೆ ಹೊರುವುದು ವಿವೇಕವಲ್ಲ. ಆ ಭಾಗಕ್ಕೆ ಟ್ಯಾಲಿಯಂತಹ ಸಿದ್ಧ ತಂತ್ರಾಂಶವೇ ಇರಲಿ. ಆದರೆ ಬಿಡಿಭಾಗದ ವ್ಯಾಪಾರದ ಜೀವಾಳ ಬೇರೆಯದು. ಒಂದೇ ಬೇರಿಂಗಿಗೆ ತಯಾರಕರ ಸಂಖ್ಯೆ ಒಂದು, ಅದಕ್ಕೆ ಬದಲಿಯಾಗಿ ಹೊಂದುವ ಇತರ ಕಂಪನಿಗಳ ಸಂಖ್ಯೆ ಹಲವು, ಮೆಕ್ಯಾನಿಕ್ ಕೇಳುವ ಆಡುಹೆಸರು ಇನ್ನೊಂದು, ಅದು ಕುಳಿತಿರುವ ರ‍್ಯಾಕಿನ ಗುರುತು ಮತ್ತೊಂದು. ಈ ನಾಲ್ಕರಲ್ಲಿ ಯಾವುದನ್ನು ಹೇಳಿದರೂ ಸರಕು ಸಿಗುವಂತೆ ಮಾಡುವುದು, ಗೋದಾಮಿನಲ್ಲಿರುವ ಹುಡುಗ ಮೊಬೈಲಿನಲ್ಲಿಯೇ ದಾಸ್ತಾನು ನೋಡುವಂತೆ ಮಾಡುವುದು, ಸುಗ್ಗಿಯ ಉದ್ರಿಯ ಪಟ್ಟಿಯನ್ನು ಊರುವಾರು ತೆಗೆಯುವುದು, ಇವುಗಳಿಗೆ ಸ್ವಂತ ವೆಬ್ ಅಪ್ಲಿಕೇಶನ್ ಸೂಕ್ತ. ದಿನದ ಕೊನೆಗೆ ಅದು ತನ್ನ ಬಿಲ್ಲುಗಳನ್ನು ಟ್ಯಾಲಿಗೆ ದಾಟಿಸಲಿ. ಹೊರಗಿನ ತಂತ್ರಾಂಶದಿಂದ ಎಕ್ಸ್‌ಎಂಎಲ್ ಎಂಬ ಪಠ್ಯ ಕಡತದ ರೂಪದಲ್ಲಿ ವೋಚರುಗಳನ್ನು ಸ್ವೀಕರಿಸುವ ವ್ಯವಸ್ಥೆ ಟ್ಯಾಲಿಯಲ್ಲಿ ಬಹಳ ಕಾಲದಿಂದ ಇದೆ. ಎರಡು ಕಡೆ ಟೈಪ್ ಮಾಡುವ ಪ್ರಮೇಯ ಬರುವುದಿಲ್ಲ.

ಮರುಮುದ್ರಣದ ತೊಂದರೆ ನಿಮ್ಮ ಪ್ರೋಗ್ರಾಮಿನ ಒಳರಚನೆಯನ್ನೇ ಬಯಲು ಮಾಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಲವು ಬಿಡಿಭಾಗಗಳು ಶೇ 18ರಿಂದ ಶೇ 5ಕ್ಕೆ ಇಳಿದವು. ಶೇ 28ರಲ್ಲಿದ್ದ ವಾಹನ ಬಿಡಿಭಾಗಗಳು ಶೇ 18ಕ್ಕೆ ಬಂದವು. ನಿಮ್ಮ ಪ್ರೋಗ್ರಾಂ ತೆರಿಗೆ ದರವನ್ನು ಸರಕಿನ ಪಟ್ಟಿಯಲ್ಲಿ ಮಾತ್ರ ಇಟ್ಟುಕೊಂಡು, ಬಿಲ್ಲಿನಲ್ಲಿ ಸರಕು, ಸಂಖ್ಯೆ ಮತ್ತು ಬೆಲೆಯನ್ನಷ್ಟೇ ಬರೆದಿಡುತ್ತಿದೆ. ಮುದ್ರಿಸುವಾಗ ಆ ಹೊತ್ತಿನ ದರವನ್ನು ತಂದು ಗುಣಿಸುತ್ತದೆ. ಹೊಸ ತಂತ್ರಾಂಶದಲ್ಲಿ ದರಗಳು ಯಾವ ದಿನದಿಂದ ಯಾವ ದಿನದವರೆಗೆ ಎಂಬ ದಿನಾಂಕದೊಂದಿಗೆ ಪ್ರತ್ಯೇಕ ಪಟ್ಟಿಯಲ್ಲಿರಬೇಕು, ಜೊತೆಗೆ ಬಿಲ್ ಆದ ಕ್ಷಣದ ದರ, ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಸಂಖ್ಯೆ ಮತ್ತು ತೆರಿಗೆಯ ಮೊತ್ತ ಆ ಬಿಲ್ಲಿನ ಪ್ರತಿ ಸಾಲಿನಲ್ಲಿಯೂ ದಾಖಲಾಗಬೇಕು. ಆಗಸ್ಟಿನಲ್ಲಿ ಮಾರಿದ ಸರಕು ನವೆಂಬರಿನಲ್ಲಿ ಹಿಂತಿರುಗಿ ಬಂದರೆ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ದರವೇ ಬರಬೇಕಾದ್ದರಿಂದ ಇದು ಬರಿಯ ಮುದ್ರಣದ ಅಂದಚೆಂದದ ವಿಷಯವಲ್ಲ. ಹಾಗೆಯೇ ಹಣದ ಮೊತ್ತಗಳನ್ನು ದತ್ತಸಂಚಯದಲ್ಲಿ ದಶಮಾಂಶ ಸಂಖ್ಯೆಗಳಾಗಿಯೇ ಇಡುವಂತೆ ಹೇಳಿ. ಸಂಖ್ಯೆಯನ್ನು ಅಂದಾಜಾಗಿ ಇಡುವ ಫ್ಲೋಟ್ ಎಂಬ ಬಗೆಯಲ್ಲಿಟ್ಟರೆ ವರ್ಷದ ಕೊನೆಯಲ್ಲಿ ಕೆಲವು ಪೈಸೆಗಳ ಅಂತರ ಹುಡುಕುತ್ತ ಕೂರಬೇಕಾಗುತ್ತದೆ.

ಮಾಹಿತಿ ವರ್ಗಾವಣೆಯಲ್ಲಿ ಫಾಕ್ಸ್‌ಪ್ರೊದಂತಹ ಡಿಬಿಎಫ್ ಬಳಸುವ ತಂತ್ರಾಂಶಗಳಿಗೆ ವಿಶಿಷ್ಟವಾದ ಒಂದು ಅಪಾಯವಿದೆ. ಅವುಗಳಲ್ಲಿ ಒಂದು ದಾಖಲೆಯನ್ನು ಅಳಿಸಿದಾಗ ಅದು ನಿಜವಾಗಿ ಅಳಿಯುವುದಿಲ್ಲ. ಅಳಿಸಲಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ, ಮತ್ತು ಪ್ಯಾಕ್ ಎಂಬ ಆದೇಶ ಕೊಡುವವರೆಗೂ ಕಡತದಲ್ಲಿಯೇ ಉಳಿದಿರುತ್ತದೆ. ಆ ಗುರುತನ್ನು ಗಮನಿಸದ ಸಲಕರಣೆಯಿಂದ ಮಾಹಿತಿ ತೆಗೆದರೆ, ಹಿಂದೆಂದೋ ರದ್ದಾದ ಬಿಲ್ಲುಗಳು, ತೀರಿದ ಉದ್ರಿಗಳು ಹೊಸ ತಂತ್ರಾಂಶದಲ್ಲಿ ಎದ್ದು ಕೂರುತ್ತವೆ. ಕಾಲಂಗಳ ಹೆಸರನ್ನೂ ನಂಬಬಾರದು. ಡಿಬಿಎಫ್‌ನಲ್ಲಿ ಕಾಲಮಿನ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ. ಮೇಲಾಗಿ ರಾಜ್ಯ ಮಾರಾಟ ತೆರಿಗೆಯ ಕಾಲದಲ್ಲಿ ಮಾಡಿದ ಕಾಲಮಿನಲ್ಲಿಯೇ ವ್ಯಾಟ್ ಕೂತು, ಆಮೇಲೆ ಜಿಎಸ್‌ಟಿ ಕೂತಿರುವುದು ಇಂತಹ ತೇಪೆ ಹಾಕಿದ ಪ್ರೋಗ್ರಾಮುಗಳಲ್ಲಿ ಸಾಮಾನ್ಯ. ಪ್ರತಿ ಕಾಲಮಿಗೂ ಅರ್ಥವೇನು ಎಂಬ ಪಟ್ಟಿಯನ್ನು ನೀವು ಮತ್ತು ಗುಮಾಸ್ತರು ಕುಳಿತು ಪರಿಶೀಲಿಸಿ ಸಹಿ ಹಾಕಿ ಕೊಡಿ.

ಎಲ್ಲ ವರ್ಷಗಳ ಎಲ್ಲ ಬಿಲ್ಲುಗಳನ್ನೂ ಹೊಸದಕ್ಕೆ ತರಬೇಕೆಂಬ ಹಟ ಬೇಡ. ಚಾಲ್ತಿಯಲ್ಲಿರುವ ಗಿರಾಕಿಗಳು, ಚಾಲ್ತಿಯಲ್ಲಿರುವ ಸರಕು, ಬಾಕಿ ಇರುವ ಬಿಲ್ಲುಗಳು ಒಂದೊಂದಾಗಿ, ಮತ್ತು ಹೆಚ್ಚೆಂದರೆ ಎರಡು ಮೂರು ವರ್ಷದ ಮಾರಾಟ, ಇಷ್ಟು ಬಂದರೆ ಸಾಕು. ಬಾಕಿಯನ್ನು ಗಿರಾಕಿಗೆ ಒಂದೇ ಮೊತ್ತವಾಗಿ ತರಬೇಡಿ. ಯಾವ ಬಿಲ್ಲಿನದು ಎಷ್ಟು ಬಾಕಿ ಎಂಬ ವಿವರ ಇಲ್ಲದಿದ್ದರೆ ಬಡ್ಡಿಯೂ ತಪ್ಪುತ್ತದೆ, ಗಿರಾಕಿಯೊಂದಿಗೆ ಮನಸ್ತಾಪವೂ ಬರುತ್ತದೆ. ಉಳಿದದ್ದು ಹುಡುಕಿ ನೋಡಲಷ್ಟೇ ಬೇಕಾದ ಸಂಗ್ರಹವಾಗಿ ಬೇರೆಡೆ ಇರಲಿ.

ಕೌಂಟರಿನ ವಿಷಯದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ತರುಣರು ಸಾಮಾನ್ಯವಾಗಿ ಎಡವುತ್ತಾರೆ. ಸರಕಿನ ಸಂಖ್ಯೆ, ಎಂಟರ್, ಎಣಿಕೆ, ಎಂಟರ್ ಎಂದು ಪರದೆಯನ್ನೇ ನೋಡದೆ ಬಿಲ್ ಹಾಕುವ ಗುಮಾಸ್ತರ ಕೈಗೆ ಮೌಸ್ ಕೊಟ್ಟು, ಪ್ರತಿ ಸಾಲಿಗೂ ಒಂದು ಗುಂಡಿ ಒತ್ತಿ ಎಂದರೆ, ಸಂತೆಯ ದಿನ ಗಿರಾಕಿಗಳ ಸಾಲು ಬೀದಿಗೆ ಬರುತ್ತದೆ. ಇಡೀ ಬಿಲ್ಲನ್ನು ಕೀಲಿಮಣೆಯಿಂದಲೇ ಮುಗಿಸಲು ಸಾಧ್ಯವಿರಬೇಕು ಎಂಬುದನ್ನು ಕರಾರಿನಲ್ಲಿಯೇ ಬರೆಸಿ. ಮುದ್ರಕವೂ ಹಾಗೆಯೇ. ಡಾಸ್ ಪ್ರೋಗ್ರಾಂ ಅಕ್ಷರಗಳನ್ನು ನೇರವಾಗಿ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ಕಳುಹಿಸುತ್ತಿತ್ತು. ಬ್ರೌಸರ್ ಪುಟವನ್ನು ಚಿತ್ರದಂತೆ ಕಳುಹಿಸುವುದರಿಂದ ಅದೇ ಮುದ್ರಕ ತೆವಳುತ್ತದೆ, ಅಕ್ಷರವೂ ಮಸುಕಾಗುತ್ತದೆ. ಕಾರ್ಬನ್ ಪ್ರತಿ ಬೇಕೇ ಬೇಕು ಎಂದಾದರೆ ಬ್ರೌಸರಿನಿಂದ ಮುದ್ರಕಕ್ಕೆ ಅಕ್ಷರಗಳನ್ನೇ ತಲುಪಿಸುವ ಒಂದು ಸಣ್ಣ ಸಹಾಯಕ ಪ್ರೋಗ್ರಾಮನ್ನು ಕೌಂಟರಿನ ಕಂಪ್ಯೂಟರಿನಲ್ಲಿ ಹಾಕಿಸಬೇಕು; ಬೇಡವಾದರೆ ಲೇಸರ್ ಮುದ್ರಕದಲ್ಲಿ ಎರಡು ಪ್ರತಿ ತೆಗೆಯುವುದು ನಿಶ್ಚಿಂತೆ.

ಬದಲಾವಣೆಯ ದಿನವಾಗಿ ಎಲ್ಲರೂ ಏಪ್ರಿಲ್ 1ನ್ನು ಹೇಳುತ್ತಾರೆ, ಅದು ಸರಿಯಾದುದೇ, ಆದರೆ ಹೊಸ ತಂತ್ರಾಂಶವನ್ನು ಅಂದೇ ಮೊದಲ ಬಾರಿಗೆ ತೆರೆಯುವಂತಾಗಬಾರದು. ಜನವರಿಯಿಂದ ಮಾರ್ಚ್‌ವರೆಗೆ ಹಿಂದಿನ ದಿನದ ಬಿಲ್ಲುಗಳನ್ನು ಮರುದಿನ ಬೆಳಿಗ್ಗೆ ಹೊಸದರಲ್ಲಿ ಹಾಕಿ, ದಿನದ ಒಟ್ಟು ಮಾರಾಟ, ತೆರಿಗೆ, ಉದ್ರಿ ಮೂರೂ ಹೊಂದುತ್ತವೆಯೇ ಎಂದು ನೋಡುತ್ತ ಬನ್ನಿ. ಗಿರಾಕಿಯ ಕೈಗೆ ಹೋಗುವ ಬಿಲ್ ಮಾತ್ರ ಯಾವ ದಿನವೂ ಒಂದೇ ತಂತ್ರಾಂಶದಿಂದ ಹೊರಡಬೇಕು. ಜಿಎಸ್‌ಟಿ ನಿಯಮದಂತೆ ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರದೆ, ಆ ಆರ್ಥಿಕ ವರ್ಷದಲ್ಲಿ ಮರುಕಳಿಸದೆ, ಕ್ರಮಾನುಗತವಾಗಿ ಇರಬೇಕು. ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶವಿರುವುದರಿಂದ ಹೊಸ ತಂತ್ರಾಂಶಕ್ಕೆ ಬೇರೆ ಮುನ್ನಕ್ಷರದ ಸರಣಿಯನ್ನು ಕೊಟ್ಟರೆ ಗೊಂದಲವಿರುವುದಿಲ್ಲ.

ಕಡೆಯದಾಗಿ, 2017–18ರಿಂದೀಚೆಗೆ ಯಾವುದೇ ಒಂದು ವರ್ಷದಲ್ಲಿ ನಿಮ್ಮ ವಹಿವಾಟು 5 ಕೋಟಿ ರೂಪಾಯಿ ಮೀರಿದ್ದರೆ ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಬಿಲ್ಲುಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸುವ ಬಿಲ್) ಕಡ್ಡಾಯವಾಗಿದೆ. ನೀವು ಅದನ್ನು ಪ್ರಸ್ತಾಪಿಸಿಲ್ಲ. ಮಿತಿಯ ಸಮೀಪದಲ್ಲಿದ್ದರೂ ಅದನ್ನು ಈಗಲೇ ಯೋಜನೆಯಲ್ಲಿ ಸೇರಿಸಿ.

ಪ್ರಶ್ನೆ: ಅರಸೀಕೆರೆಯಲ್ಲಿ ಲಗ್ನಪತ್ರಿಕೆ, ರಸೀದಿ ಪುಸ್ತಕ ಮುದ್ರಿಸುವ ಸಣ್ಣ ಮುದ್ರಣಾಲಯ ನಮ್ಮದು. ಆರ್ಡರುಗಳ ದಾಖಲೆಗೆ 2003ರಲ್ಲಿ ವಿಷುಯಲ್ ಬೇಸಿಕ್ ಮತ್ತು ಆಕ್ಸೆಸ್‌ನಲ್ಲಿ ಮಾಡಿಸಿದ ತಂತ್ರಾಂಶವಿದೆ. ಗಿರಾಕಿಗಳ ಹೆಸರು, ಊರು, ಆರ್ಡರಿನ ವಿವರ ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿವೆ. ಹೊಸ ವೆಬ್ ಅಪ್ಲಿಕೇಶನ್‌ಗೆ ಮಾಹಿತಿ ಸಾಗಿಸಿ ನೋಡಿದಾಗ ಬ್ರೌಸರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ. ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಬೇಕೇ?
– ಮುದ್ರಣಾಲಯದ ಮಾಲೀಕರು, ಅರಸೀಕೆರೆ

ಉತ್ತರ: ಬೇಡ. ನಿಮ್ಮ ಮಾಹಿತಿ ಕೆಟ್ಟಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರುವುದು ಆ ಐರೋಪ್ಯ ಅಕ್ಷರಗಳೇ. ನುಡಿಯ ಫಾಂಟ್ ಹೊದಿಸಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಬ್ರೌಸರಿಗೂ ಅದೇ ಫಾಂಟ್ ಹೊದಿಸಿ ಕೆಲಸ ಮುಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ: ಹಾಗೆ ಮಾಡಿದರೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಿ ಹುಡುಕಲು ಸಾಧ್ಯವಾಗದು, ಹೆಸರುಗಳ ಅಕಾರಾದಿ ಪಟ್ಟಿಯೂ ಬಾರದು. ಒಮ್ಮೆಗೇ ಯೂನಿಕೋಡಿಗೆ ಪರಿವರ್ತಿಸುವುದು ಸರಿಯಾದ ಕ್ರಮ, ಮತ್ತು ಅದಕ್ಕೆ ಉಚಿತ ಪರಿವರ್ತಕಗಳು ಇವೆ.

ಪರಿವರ್ತಿಸುವಾಗ ಮೂರು ಕಡೆ ಎಚ್ಚರ ಬೇಕು. ಹಳೆಯ ಫಾಂಟುಗಳಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸಿರುತ್ತಾರೆ. ಅರ್ಕಾವೊತ್ತು ವ್ಯಂಜನದ ನಂತರ ಬಂದಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವಿರುವುದರಿಂದ ಪರಿವರ್ತಕ ಆ ರಕಾರವನ್ನು ವ್ಯಂಜನಕ್ಕಿಂತ ಮೊದಲಿಗೆ ತರಬೇಕು. ಸಾಧಾರಣ ಪರಿವರ್ತಕಗಳು ಸೋಲುವುದು ಇಲ್ಲಿಯೇ. ಆದುದರಿಂದ ಪೂರ್ತಿ ಪರಿವರ್ತನೆಗೆ ಮೊದಲು ಕರ್ಜಗಿ, ಧರ್ಮಣ್ಣ, ಕೀರ್ತನಾ, ಸ್ವರ್ಣಾಂಬ ಇಂತಹ ಹೆಸರುಗಳನ್ನೂ ಎರಡೆರಡು ಒತ್ತುಗಳಿರುವ ಪದಗಳನ್ನೂ ಆರಿಸಿ ಪರೀಕ್ಷಿಸಿ. ಎರಡನೆಯದಾಗಿ, ನಿಮ್ಮ ಕೋಷ್ಟಕದಲ್ಲಿ ಕೆಲವೆಡೆ ನಿಜವಾದ ಇಂಗ್ಲಿಷ್ ಕೂಡ ಇರುತ್ತದೆ, ಉದಾಹರಣೆಗೆ ಕಾಗದದ ಅಳತೆ, ಇಮೇಲ್ ವಿಳಾಸ, ಜಿಎಸ್‌ಟಿ ಸಂಖ್ಯೆ. ಎಲ್ಲ ಕಾಲಂಗಳ ಮೇಲೂ ಪರಿವರ್ತಕವನ್ನು ಓಡಿಸಿದರೆ ಇವು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ, ಮತ್ತು ಮೂಲ ಪ್ರತಿ ಇಲ್ಲದಿದ್ದರೆ ಸರಿಪಡಿಸುವುದು ಕಷ್ಟ. ಕಾಲಮಿನಿಂದ ಕಾಲಮಿಗೆ ನಿರ್ಧರಿಸಿ. ಮೂಲ ಪಠ್ಯವನ್ನು ಒಂದು ಪ್ರತ್ಯೇಕ ಕಾಲಮಿನಲ್ಲಿ ಕೆಲಕಾಲ ಉಳಿಸಿಕೊಳ್ಳಿ.

ಮೂರನೆಯದು ಹುಡುಕಾಟ ಮತ್ತು ಅನುಕ್ರಮದ ಸೂಕ್ಷ್ಮ. ಯೂನಿಕೋಡಿನಲ್ಲಿ ಬರೆದ ಒಂದೇ ಹೆಸರಿನ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಂಪ್ಯೂಟರ್ ಅವನ್ನು ಎರಡು ಹೆಸರೆಂದು ತಿಳಿಯುತ್ತದೆ. ಹುಡುಕುವಾಗ ಅಂತಹ ಚಿಹ್ನೆಗಳನ್ನು ಲೆಕ್ಕಿಸಬಾರದು ಎಂದು ತಂತ್ರಾಂಶದವರಿಗೆ ತಿಳಿಸಿ. ಹಾಗೆಯೇ ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರ ಲಕಾರದ ಮಗ್ಗುಲಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಗಿರಾಕಿಗಳ ಪಟ್ಟಿಗೆ ಇದು ದೊಡ್ಡ ವಿಷಯವಲ್ಲವಾದರೂ, ಮುದ್ರಣಾಲಯದವರಾದ ನಿಮಗೆ ಅದು ಕಣ್ಣಿಗೆ ಚುಚ್ಚದೆ ಇರದು.

ಪ್ರಶ್ನೆ: ಮಂಗಳೂರಿನಲ್ಲಿ ಮೀನುಗಾರಿಕೆ ಬಲೆ ಮತ್ತು ದೋಣಿ ಎಂಜಿನ್ ಸಾಮಗ್ರಿಗಳ ಅಂಗಡಿ ಇದೆ. ಹೊರಗಿನ ತಂತ್ರಜ್ಞರೊಬ್ಬರಿಗೆ ಹಣ ಕೊಟ್ಟು ನಮಗೆಂದೇ ವೆಬ್ ಅಪ್ಲಿಕೇಶನ್ ಬರೆಸಿದ್ದೇವೆ. ಈಗ ಬೇರೊಬ್ಬರಿಂದ ಅದನ್ನು ವಿಸ್ತರಿಸಲು ಹೊರಟರೆ ಕೋಡ್ ತನ್ನದು, ಕೊಡುವುದಿಲ್ಲ ಎನ್ನುತ್ತಾರೆ. ಪೂರ್ತಿ ಹಣ ಕೊಟ್ಟ ಮೇಲೂ ಅದು ನಮ್ಮದಾಗುವುದಿಲ್ಲವೇ?
– ಅಂಗಡಿ ಮಾಲೀಕರು, ಮಂಗಳೂರು

ಉತ್ತರ: ಹಣ ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಿದೆ, ಮತ್ತು ಅದರ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ಬರೆದವನೇ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದಿದ್ದರೆ ಒಡೆತನ ಮಾಲೀಕನದು. ಆದರೆ ಗುತ್ತಿಗೆಯ ಮೇಲೆ ಬರೆದುಕೊಟ್ಟ ಹೊರಗಿನವರಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಹಕ್ಕು ನಿಮಗೆ ಬರಬೇಕಾದರೆ 19ನೆಯ ಕಲಮಿನಂತೆ ಅವರು ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದು ಎಣಿಸುತ್ತದೆ. ಆದ್ದರಿಂದ ಇವೆರಡನ್ನೂ ಸ್ಪಷ್ಟವಾಗಿ ನಮೂದಿಸಬೇಕು. ನಿಮ್ಮಲ್ಲಿ ಯಾವ ಪತ್ರವೂ ಇಲ್ಲದಿದ್ದರೆ ಜಗಳಕ್ಕಿಂತ ಮಾತುಕತೆಯೇ ಲೇಸು: ಒಂದಿಷ್ಟು ಹೆಚ್ಚುವರಿ ಮೊತ್ತ ಕೊಟ್ಟಾದರೂ ವರ್ಗಾವಣೆ ಪತ್ರ ಬರೆಸಿಕೊಳ್ಳಿ, ಬರೆಸುವ ಮುನ್ನ ವಕೀಲರಿಗೆ ತೋರಿಸಿ.

ಕೋಡ್ ಬೇರೆ, ಅದರೊಳಗಿನ ನಿಮ್ಮ ವ್ಯವಹಾರದ ಮಾಹಿತಿ ಬೇರೆ. ಗಿರಾಕಿಗಳ ಪಟ್ಟಿ, ಬಿಲ್ಲುಗಳು, ದಾಸ್ತಾನು ನಿಮ್ಮ ಅಂಗಡಿಯ ದಾಖಲೆಗಳು. ಅವುಗಳನ್ನು ಪೂರ್ತಿಯಾಗಿ ಕೊಡುವಂತೆ ಇಂದೇ ಬರವಣಿಗೆಯಲ್ಲಿ ಕೇಳಿ. ಅದಕ್ಕಿಂತಲೂ ಅವಸರದ ಸಂಗತಿಯೊಂದಿದೆ. ನಿಮ್ಮ ಡೊಮೇನ್ ಹೆಸರು, ಸರ್ವರಿನ ಖಾತೆ, ಗಿರಾಕಿಗಳಿಗೆ ಎಸ್‌ಎಂಎಸ್ ಕಳುಹಿಸಲು ದೂರಸಂಪರ್ಕ ನಿಯಮದಂತೆ ಮಾಡಿಸಿರುವ ಡಿಎಲ್‌ಟಿ ನೋಂದಣಿ ಇವು ಯಾರ ಹೆಸರಿನಲ್ಲಿ, ಯಾರ ಮೊಬೈಲ್ ಸಂಖ್ಯೆಯ ಮೇಲೆ ಇವೆ ಎಂದು ನೋಡಿ. ಬರೆದುಕೊಟ್ಟವರು ಅನುಕೂಲಕ್ಕೆಂದು ತಮ್ಮ ಹೆಸರಿನಲ್ಲಿಯೇ ತೆರೆದಿರುವುದು ಸಾಮಾನ್ಯ, ಕೆಟ್ಟ ಉದ್ದೇಶದಿಂದಲೇ ಎನ್ನಲಾಗದು. ಆದರೆ ಡೊಮೇನ್ ಕೈಬಿಟ್ಟರೆ ಅದರ ಮೇಲೆ ನಿಂತ ಇಮೇಲ್ ಸಹಿತ ಎಲ್ಲವೂ ನಿಲ್ಲುತ್ತವೆ. ಕೋಡನ್ನಾದರೂ ಇನ್ನೊಮ್ಮೆ ಬರೆಸಬಹುದು.

ಹೊಸದಾಗಿ ಬರೆಸಲು ಹೊರಟಿರುವ ಇತರ ಓದುಗರಿಗೂ ಇದೇ ಜಾಗದಲ್ಲಿ ಒಂದು ಮಾತು. ಕೆಲಸ ಮುಗಿದ ಮೇಲೆ ಕೋಡ್ ಒಪ್ಪಿಸುವ ಕರಾರಿಗಿಂತ, ಬರೆಯುವ ಮೊದಲ ದಿನದಿಂದಲೇ ನಿಮ್ಮ ಖಾತೆಯಲ್ಲಿರುವ ಕೋಡ್ ಭಂಡಾರದಲ್ಲಿ ಅದು ಜಮೆಯಾಗುತ್ತ ಬರುವ ಕರಾರು ಹೆಚ್ಚು ಭದ್ರ. ಪಿಎಚ್‌ಪಿ, ಪೈಥಾನ್, ಪೋಸ್ಟ್‌ಗ್ರೆಸ್‌ನಂತಹ ಮುಕ್ತವಾದ, ಹತ್ತಾರು ಜನರಿಗೆ ಗೊತ್ತಿರುವ ಸಲಕರಣೆಗಳಲ್ಲಿ ಬರೆಸಿದರೆ ಒಬ್ಬರು ಬಿಟ್ಟುಹೋದರೂ ಇನ್ನೊಬ್ಬರು ಸಿಗುತ್ತಾರೆ. ತಂತ್ರಜ್ಞರು ತಮಗೆ ಪ್ರಿಯವಾದ ತೀರ ಹೊಸ ಸಲಕರಣೆಯನ್ನು ಹೊಗಳಿದಾಗ, ಇದನ್ನು ಬಲ್ಲವರು ನಮ್ಮ ಊರಿನಲ್ಲಿ ಇನ್ನೆಷ್ಟು ಮಂದಿ ಇದ್ದಾರೆ ಎಂದು ಕೇಳಿ.

ಪ್ರಶ್ನೆ: ಕೊಪ್ಪದಲ್ಲಿ ನಮ್ಮದು ಗೊಬ್ಬರ, ಮೈಲುತುತ್ತ, ಕೃಷಿ ಸಲಕರಣೆಗಳ ಅಂಗಡಿ. ಅಡಿಕೆಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ಹೊಡೆಯುವ ಜೂನ್–ಜುಲೈಯಲ್ಲಿ ವ್ಯಾಪಾರ ಜೋರು, ಆದರೆ ಕರೆಂಟು ಮತ್ತು ನೆಟ್‌ವರ್ಕ್ ಕೈಕೊಡುವುದೂ ಅದೇ ತಿಂಗಳುಗಳಲ್ಲಿ. ಇಂತಹ ಊರಿನಲ್ಲಿ ವೆಬ್ ಅಪ್ಲಿಕೇಶನ್ ನಂಬಬಹುದೇ?
– ಓದುಗರು, ಕೊಪ್ಪ

ಉತ್ತರ: ವೆಬ್ ಅಪ್ಲಿಕೇಶನ್ ಎಂದರೆ ಅಂತರ್ಜಾಲದಲ್ಲಿಯೇ ಇರಬೇಕೆಂದಿಲ್ಲ. ಬ್ರೌಸರಿನಲ್ಲಿ ತೆರೆಯುವ ತಂತ್ರಾಂಶ ಎಂಬುದಷ್ಟೇ ಅದರ ಅರ್ಥ. ಅದನ್ನು ನಡೆಸುವ ಸರ್ವರ್ ಅಂಗಡಿಯ ಒಳಕೋಣೆಯಲ್ಲಿರುವ ಒಂದು ಸಣ್ಣ ಕಂಪ್ಯೂಟರ್ ಆಗಿರಬಹುದು. ಕೌಂಟರಿನ ಕಂಪ್ಯೂಟರ್, ಗೋದಾಮಿನ ಮೊಬೈಲ್ ಎಲ್ಲವೂ ಅಂಗಡಿಯ ವೈಫೈ ಮೂಲಕ ಅದನ್ನು ತಲುಪುತ್ತವೆ. ಹೊರಗಿನ ಸಂಪರ್ಕ ಇದ್ದಾಗ ಅದು ತನ್ನ ಮಾಹಿತಿಯ ಪ್ರತಿಯನ್ನು ದೂರದ ಸರ್ವರಿಗೆ ಕಳುಹಿಸುತ್ತದೆ, ಇಲ್ಲದಾಗ ಸುಮ್ಮನೆ ಕೂಡಿಟ್ಟುಕೊಳ್ಳುತ್ತದೆ. ಒಂದೇ ಅಂಗಡಿಯಿರುವ ಮಲೆನಾಡಿನ ವ್ಯಾಪಾರಿಗೆ ನಾನು ಹೇಳುವುದು ಈ ಏರ್ಪಾಡನ್ನೇ. ಸರ್ವರ್, ವೈಫೈ ಪೆಟ್ಟಿಗೆ, ಕೌಂಟರಿನ ಕಂಪ್ಯೂಟರ್, ಮುದ್ರಕ ಈ ನಾಲ್ಕೂ ಯುಪಿಎಸ್ ಮೇಲಿರಬೇಕು. ಮೂರಕ್ಕೆ ಕೊಟ್ಟು ವೈಫೈ ಪೆಟ್ಟಿಗೆಯನ್ನು ಮರೆಯುವುದು ಹೆಚ್ಚು. ಗುಡುಗು ಸಿಡಿಲಿನ ಊರಾದ್ದರಿಂದ ಒಳ್ಳೆಯ ಅರ್ಥಿಂಗ್ ಇಲ್ಲದೆ ಇವುಗಳಲ್ಲಿ ಯಾವುದಕ್ಕೂ ಹಣ ಹಾಕಬೇಡಿ.

ಸಂಪರ್ಕವಿಲ್ಲದಾಗ ಬ್ರೌಸರಿನಲ್ಲಿಯೇ ಬಿಲ್ಲುಗಳನ್ನು ಉಳಿಸಿಕೊಂಡು ಆಮೇಲೆ ಕಳುಹಿಸುವ ವಿಧಾನವೂ ಇದೆ, ಅದನ್ನು ಬಹಳ ಮಂದಿ ಶಿಫಾರಸು ಮಾಡುತ್ತಾರೆ. ನನಗೆ ಅದರ ಮೇಲೆ ಪೂರ್ತಿ ಭರವಸೆಯಿಲ್ಲ. ಯಾರಾದರೂ ಬ್ರೌಸರಿನ ಇತಿಹಾಸ, ಸಂಗ್ರಹವನ್ನು ಶುಚಿಗೊಳಿಸಿದರೆ ಇನ್ನೂ ಕಳುಹಿಸದ ಬಿಲ್ಲುಗಳು ಅದರೊಂದಿಗೆ ಹೋಗುತ್ತವೆ. ಎರಡು ಕೌಂಟರುಗಳು ಸಂಪರ್ಕವಿಲ್ಲದೆ ಕೆಲಸ ಮಾಡುವಾಗ ಒಂದೇ ಬಿಲ್ ಸಂಖ್ಯೆಯನ್ನು ಇಬ್ಬರು ಗಿರಾಕಿಗಳಿಗೆ ಕೊಟ್ಟುಬಿಡುವ ಸಂಭವವೂ ಇದೆ. ಆ ದಾರಿ ಹಿಡಿಯಲೇಬೇಕಾದರೆ ಪ್ರತಿ ಕೌಂಟರಿಗೂ ಬೇರೆ ಸರಣಿ ಇರಲಿ.

ಪ್ರಶ್ನೆ: ಹೊಸ ತಂತ್ರಾಂಶ ಆರಂಭಿಸಿ ಒಂದು ವರ್ಷವಾಯಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬಹುದೇ?
– ಓದುಗರು, ತುಮಕೂರು

ಉತ್ತರ: ಈಗಲೇ ಬೇಡ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2023–24ರ ಸಾಲಿಗೆ ಆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿದ್ದುದರಿಂದ, ಆ ವರ್ಷದ ದಾಖಲೆಗಳು 2030ರ ಡಿಸೆಂಬರ್ ಅಂತ್ಯದವರೆಗೆ ನಿಮ್ಮಲ್ಲಿ ಇರಬೇಕಾಗುತ್ತದೆ. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಇರಬೇಕಾಗಬಹುದು. ಯಂತ್ರವನ್ನೇ ಇಟ್ಟುಕೊಳ್ಳಬೇಕೆಂದಿಲ್ಲ. ಹಳೆಯ ತಂತ್ರಾಂಶದಿಂದ ಪ್ರತಿ ವರ್ಷದ ಬಿಲ್ಲುಗಳು, ಖಾತೆಗಳು, ದಾಸ್ತಾನು ವಹಿಗಳನ್ನು ಪಿಡಿಎಫ್ ಆಗಿ ತೆಗೆದು, ಮೂಲ ಕಡತಗಳೊಂದಿಗೆ ಎರಡು ಕಡೆ ಇಟ್ಟು, ಆ ಪ್ರತಿಗಳಿಂದ ಯಾವುದಾದರೊಂದು ಹಳೆಯ ಬಿಲ್ಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅದು ತೆರೆದ ಮೇಲೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಇರಿಸಿಕೊಂಡು ಉಳಿದುದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬಹುದು.